ಪಂಪು ಅಡ್ಡವೋ, ನೆಟ್ಟಗೋ? ಮೊದಲು ತೊಟ್ಟಿಯೊಳಗೆ ಇಣುಕಿ

ಹಾರಿಜಾಂಟಲ್ ಪಂಪ್ ಹಾಕೋಣವೋ ವರ್ಟಿಕಲ್ಲೋ ಎಂದು ಕೇಳಿಕೊಂಡು ಬರುವವರ ಕೈಯಲ್ಲಿ ಪಂಪ್‌ಹೌಸಿನ ನಕ್ಷೆ ಇದ್ದೇ ಇರುತ್ತದೆ. ನೆಲದ ಉದ್ದ ಅಗಲಗಳನ್ನು ಮಿಲಿಮೀಟರಿನಲ್ಲಿ ಗುರುತಿಸಿರುತ್ತಾರೆ. ತೊಟ್ಟಿಯ ನೀರು ಎಲ್ಲಿಯವರೆಗೆ ಇಳಿಯುತ್ತದೆ ಎಂದರೆ ‘ತುಂಬಿಯೇ ಇರುತ್ತೆ ಬಿಡಿ’ ಎನ್ನುತ್ತಾರೆ. ಎಷ್ಟು ಬಿಸಿ ಇರುತ್ತದೆ ಎಂದರೆ ‘ಮಾಮೂಲು’. ಈ ಎರಡು ಉತ್ತರ ನಂಬಿ ಕೂರಿಸಿದ ಪಂಪನ್ನು ಬಿಚ್ಚಿದಾಗ ಇಂಪೆಲ್ಲರಿನ (ಒಳಗೆ ತಿರುಗಿ ನೀರನ್ನು ತಳ್ಳುವ ಚಕ್ರದ) ಬ್ಲೇಡುಗಳು, ನೀರು ಒಳಬರುವ ಅಂಚಿನ ಬಳಿ, ಗೆದ್ದಲು ತಿಂದ ಮರದಂತೆ ಕಾಣುತ್ತವೆ.

ಪಂಪು ನೀರನ್ನು ಎಳೆಯುತ್ತದೆ ಎಂಬ ನಂಬಿಕೆಯೇ ಇದರ ಬೇರು. ಸೆಂಟ್ರಿಫ್ಯೂಗಲ್ ಪಂಪು ಏನನ್ನೂ ಎಳೆಯುವುದಿಲ್ಲ. ಇಂಪೆಲ್ಲರಿನ ಕಣ್ಣಿನಲ್ಲಿ, ಅಂದರೆ ನೀರು ಒಳಹೊಗುವ ನಡುಬಾಯಿಯಲ್ಲಿ, ಒತ್ತಡ ತಗ್ಗುತ್ತದೆ, ತೊಟ್ಟಿಯ ಮೇಲೆ ಕೂತಿರುವ ಗಾಳಿ ನೀರನ್ನು ಅತ್ತ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ತಳ್ಳಿಕೆ 10.3 ಮೀಟರ್ ನೀರಿನ ಕಂಬದಷ್ಟು. 1,000 ಮೀಟರ್ ಎತ್ತರದ ಊರಿನಲ್ಲಿ ಸುಮಾರು 1.2 ಮೀಟರ್ ಕಡಿಮೆ. ಇದೇ ನಿಮ್ಮ ಬಂಡವಾಳ. ಮೋಟರಿನ ಎಚ್‌ಪಿ ಏರಿಸಿದರೆ ಗಾಳಿಯ ಒತ್ತಡ ಏರುವುದಿಲ್ಲ. ದೊಡ್ಡ ಪಂಪು ಅದೇ ಸಕ್ಷನ್ (ನೀರು ಒಳಬರುವ) ಪೈಪಿನಲ್ಲಿ ಹೆಚ್ಚು ನೀರು ಕೇಳುತ್ತದೆ, ಹರಿವು ಇಮ್ಮಡಿಯಾದರೆ ಪೈಪಿನ ಘರ್ಷಣೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಇದ್ದ ಬಂಡವಾಳವೂ ಕರಗುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಅಡ್ಡ ಪಂಪು ಮೇಲಿದೆ, ಅದರ ಶಾಫ್ಟಿನ ಮಟ್ಟದಿಂದ ತೊಟ್ಟಿಯ ಅತಿ ಕೆಳಗಿನ ನೀರು 4 ಮೀಟರ್ ಆಳದಲ್ಲಿದೆ. ಸಕ್ಷನ್ ಪೈಪು, ಬೆಂಡು, ಪೈಪಿನ ತುದಿಯಲ್ಲಿ ನೀರು ಹಿಂದಿರುಗದಂತೆ ತಡೆಯುವ ಫುಟ್ ವಾಲ್ವು ಸೇರಿ ಘರ್ಷಣೆಗೆ 1 ಮೀಟರ್ ಹೋಯಿತು. ಒತ್ತಡ ನೀರಿನ ಆವಿಯ ಒತ್ತಡಕ್ಕಿಂತ ಕೆಳಗಿಳಿದರೆ ನೀರು ಅಲ್ಲೇ ಕುದಿದು ಗುಳ್ಳೆಯಾಗುತ್ತದೆ, ಹಾಗಾಗಿ ಅದನ್ನೂ ಕಳೆಯಬೇಕು: ನೀರು 30 ಡಿಗ್ರಿ ಸೆಲ್ಸಿಯಸ್ ಇದ್ದರೆ 0.4 ಮೀಟರ್. ಉಳಿದದ್ದು 4.9. ಪಂಪಿಗೆ ಸಿಗುವ ಎನ್‌ಪಿಎಸ್‌ಎಚ್ (ನೆಟ್ ಪಾಸಿಟಿವ್ ಸಕ್ಷನ್ ಹೆಡ್) ಎಂದರೆ ಇದೇ. ಕ್ಯಾಟಲಾಗಿನಲ್ಲಿ ಪಂಪು 3.5 ಮೀಟರ್ ಬೇಡುತ್ತದೆ ಎಂದಿದ್ದರೆ ನಡೆಯುತ್ತದೆ. ಅದೇ ನೀರು 60 ಡಿಗ್ರಿಗೆ ಬಂದರೆ ಆವಿಯೇ 2 ಮೀಟರ್ ನುಂಗುತ್ತದೆ, ಉಳಿಯುವುದು 3.3ರ ಆಸುಪಾಸು, ಪಂಪು ಕೇಳುವುದಕ್ಕಿಂತ ಕಡಿಮೆ. 80 ಡಿಗ್ರಿಯಲ್ಲಿ ಒಂದು ಮೀಟರೂ ಉಳಿಯದು. ‘ಮಾಮೂಲು’ ಎಂಬ ಮಾತಿಗೆ ನಾವು ಸಿಡುಕುವುದು ಇದಕ್ಕೇ.

ಕ್ಯಾಟಲಾಗಿನ ಆ 3.5 ಕೂಡ ಸುರಕ್ಷಿತ ಗೆರೆಯಲ್ಲ. ಪಂಪಿನ ಹೆಡ್, ಅಂದರೆ ಅದು ನೀರೆತ್ತುವ ಎತ್ತರ, ಶೇಕಡಾ 3ರಷ್ಟು ಬಿದ್ದ ಮೇಲೆ ಗುರುತಿಸಿದ ಅಂಕಿ ಅದು. ಅಷ್ಟರಲ್ಲಿ ಒಳಗೆ ಆವಿಯ ಗುಳ್ಳೆಗಳು ಒಡೆದು ಬ್ಲೇಡುಗಳನ್ನು ಕೊರೆಯಲು ಶುರುಮಾಡಿರುತ್ತವೆ. ಸಾಮಾನ್ಯ ತಣ್ಣೀರಿಗೆ ಮೇಲೆ ಕನಿಷ್ಠ 1 ಮೀಟರ್ ಬಿಡಿ. ಬಿಸಿ ದ್ರವಕ್ಕೂ ಭಾರಿ ಪಂಪುಗಳಿಗೂ ಎಷ್ಟು ಬಿಡಬೇಕೆಂದು ತಯಾರಕರಿಂದ ಬರೆಸಿಕೊಳ್ಳುವುದು ಮೇಲು.

ಈಗ ಅದೇ ತೊಟ್ಟಿಗೆ ನೆಟ್ಟಗೆ ಇಳಿಬಿಡುವ ವರ್ಟಿಕಲ್ ಟರ್ಬೈನ್ ಪಂಪು ತೆಗೆದುಕೊಳ್ಳಿ. ಮೊದಲ ಇಂಪೆಲ್ಲರ್ ನೀರಿನಡಿ 1 ಮೀಟರಿನಲ್ಲಿದ್ದರೆ ಕಳೆಯುತ್ತಿದ್ದ 4 ಮೀಟರ್ ಹೋಗಿ 1 ಮೀಟರ್ ಕೂಡುತ್ತದೆ, ಸಕ್ಷನ್ ಪೈಪೇ ಇಲ್ಲ. 30 ಡಿಗ್ರಿಯಲ್ಲಿ 10.9 ಮೀಟರ್ ಸಿಗುತ್ತದೆ. ಚಾಲೂ ಮಾಡುವ ಮುಂಚೆ ಪಂಪಿಗೆ ನೀರು ತುಂಬುವ ಪ್ರೈಮಿಂಗ್ ಗೋಳಿಲ್ಲ, ಫುಟ್ ವಾಲ್ವ್ ಸೋರಿತೆಂಬ ದೂರಿಲ್ಲ. ಹಾಗಾಗಿ ಅಡ್ಡವೋ ನೆಟ್ಟಗೋ ಎಂಬುದು ಬಹುಪಾಲು ಈ ಕೂಡು-ಕಳೆಯಲ್ಲೇ ತೀರ್ಮಾನವಾಗುತ್ತದೆ. ನೀರು ಪಂಪಿಗಿಂತ ಮೇಲಿದ್ದರೆ ಅಡ್ಡ ಪಂಪೇ ಸಾಕು. ಸ್ಪೇಸರ್ ಕಪ್ಲಿಂಗ್ ಇರುವ ಬ್ಯಾಕ್ ಪುಲ್‌ಔಟ್ ಮಾದರಿಯಲ್ಲಿ ಮೋಟರನ್ನೂ ಪೈಪನ್ನೂ ಮುಟ್ಟದೆ ಇಂಪೆಲ್ಲರ್ ಹೊರಗೆ ತೆಗೆಯಬಹುದು. ರಾತ್ರಿ ಪಾಳಿಯ ಫಿಟ್ಟರ್ ನಿಮ್ಮನ್ನು ಹರಸುತ್ತಾನೆ.

ಎನ್‌ಪಿಎಸ್‌ಎಚ್ ಸರಿಹೋಯಿತೆಂದು ಬೆಲ್‌ಮೌತ್ (ವರ್ಟಿಕಲ್ ಪಂಪಿನ ತಳದಲ್ಲಿ ನೀರು ಒಳಬರುವ ಗಂಟೆಯಾಕಾರದ ಬಾಯಿ) ಮುಳುಗುವಷ್ಟೇ ನೀರು ಇಟ್ಟುಕೊಳ್ಳುವವರಿದ್ದಾರೆ. ಸುಳಿ ಎದ್ದು ಗಾಳಿ ಒಳಗೆ ಹೋಗುವುದು ಬೇರೆಯೇ ಸಮಸ್ಯೆ, ಅದರ ಲೆಕ್ಕವೂ ಬೇರೆ. ಬೆಲ್ಲಿನ ವ್ಯಾಸ 500 ಮಿಲಿಮೀಟರ್, ಒಳನುಗ್ಗುವ ನೀರಿನ ವೇಗ ಸೆಕೆಂಡಿಗೆ 1.5 ಮೀಟರ್ ಎಂದಿಟ್ಟುಕೊಂಡರೆ, ಪಂಪುಗಳ ಮಾನದಂಡ ರೂಪಿಸುವ ಹೈಡ್ರಾಲಿಕ್ ಇನ್‌ಸ್ಟಿಟ್ಯೂಟಿನ ಸೂತ್ರದಂತೆ ಬೆಲ್ಲಿನ ಬಾಯಿಯ ಮೇಲೆ ಸುಮಾರು 1.3 ಮೀಟರ್ ನೀರು ನಿಲ್ಲಬೇಕು. ಬೆಲ್ಲಿನ ಕೆಳಗೆ ನೆಲಕ್ಕೆ ವ್ಯಾಸದ 0.3ರಿಂದ 0.5ರಷ್ಟು, ಅಂದರೆ 150ರಿಂದ 250 ಮಿಲಿಮೀಟರ್ ಜಾಗ ಬೇಕು. ಒಟ್ಟಿನಲ್ಲಿ ತಳದ ಒಂದೂವರೆ ಮೀಟರ್ ನೀರು ಲೆಕ್ಕಕ್ಕುಂಟು, ಆಟಕ್ಕಿಲ್ಲ. ತೊಟ್ಟಿ ಕಟ್ಟುವ ಸಿವಿಲ್‌ನವರಿಗೆ ಇದನ್ನು ಅಗೆಯುವ ಮುಂಚೆಯೇ ಹೇಳಿ.

ಇನ್ನು ಆ ನೆಲದ ಜಾಗದ ವಿಷಯ. ವರ್ಟಿಕಲ್ ಪಂಪು ನೆಲದಲ್ಲಿ ಉಳಿಸಿದ್ದನ್ನು ಸೂರಿನ ಕಡೆಯಿಂದ ವಸೂಲು ಮಾಡುತ್ತದೆ. ರಿಪೇರಿಗೆ ಮೊದಲು ಮೋಟರ್ ಇಳಿಸಬೇಕು, ಆಮೇಲೆ ನೀರು ಹೊರಬೀಳುವ ಮೇಲ್ಭಾಗವಾದ ಡಿಸ್ಚಾರ್ಜ್ ಹೆಡ್, ಆಮೇಲೆ ತೊಟ್ಟಿಯೊಳಗೆ ಇಳಿದಿರುವ ಒಂದೊಂದೇ ಕಾಲಂ ಪೈಪು. ಕಾಲಂ ತುಂಡು 3 ಮೀಟರಿನದಾದರೆ ಕ್ರೇನಿನ ಕೊಕ್ಕೆ ನೆಲದಿಂದ ಆ 3 ಮೀಟರ್, ಜೊತೆಗೆ ಹಗ್ಗ, ಕ್ಲಾಂಪಿನ ಎತ್ತರ ದಾಟಿ ಮೇಲಿರಬೇಕು. ಇಲ್ಲದಿದ್ದರೆ ಪಂಪಿನ ನೇರಕ್ಕೆ ಚಾವಣಿಯಲ್ಲಿ ತೆರೆಯುವ ಕಿಂಡಿ ಬೇಕು.

ತಲೆಯ ಮೇಲೆ ಮೋಟರ್ ಹೊತ್ತು ನಿಂತ ರಚನೆಗೆ ತನ್ನದೇ ಆದ ಓಲಾಟದ ಆವರ್ತನವಿರುತ್ತದೆ. 1,480 ಆರ್‌ಪಿಎಂ ಎಂದರೆ 24.7 ಹರ್ಟ್ಸ್, ಓಲಾಟ ಅದರ ಹತ್ತಿರ ಬಂದರೆ ಎಷ್ಟು ಬ್ಯಾಲೆನ್ಸ್ ಮಾಡಿದರೂ ಕಂಪನ ನಿಲ್ಲದು. ಶೇಕಡಾ 20ಕ್ಕೂ ಹೆಚ್ಚು ದೂರ ಇರಲಿ. ಮೋಟರಿನ ವೇಗ ಏರಿಳಿಸುವ ವಿಎಫ್‌ಡಿ ಹಾಕಿದರೆ ವೇಗದ ಇಡೀ ಪಟ್ಟಿಯನ್ನೇ ಪರೀಕ್ಷಿಸಬೇಕು.

ಎಲ್ಲಕ್ಕಿಂತ ರೇಗಿಸುವುದು, ಇರುವ ಅಡ್ಡ ಪಂಪನ್ನೇ ಎತ್ತಿ ನಿಲ್ಲಿಸುವ ಜಾಣತನ. ಎಣ್ಣೆಯ ಬೇರಿಂಗಿನ ಆಯಿಲರ್ ಮಟ್ಟ ಅಡ್ಡ ಶಾಫ್ಟಿಗೆ ಹೊಂದಿಸಿದ್ದು. ನಿಲ್ಲಿಸಿದರೆ ಒಂದು ಬೇರಿಂಗ್ ಒಣಗುತ್ತದೆ, ಇನ್ನೊಂದು ಎಣ್ಣೆಯಲ್ಲಿ ಮುಳುಗುತ್ತದೆ. ಕಾಲುಗಳ ಮೇಲೆ ಅಡ್ಡ ಕೂರುವ ಬಿ3 ಮೋಟರನ್ನು ಶಾಫ್ಟ್ ಕೆಳಗಾಗಿ ತೂಗುಹಾಕುವಂತಿಲ್ಲ, ಅದಕ್ಕೆ ಶಾಫ್ಟ್ ಕೆಳಮುಖವಾಗಿ ನಿಲ್ಲುವ ವಿ1 ಫ್ಲೇಂಜ್ ಮೋಟರನ್ನೇ ತರಿಸಬೇಕು. ಬಯಲಲ್ಲಿದ್ದರೆ ಫ್ಯಾನಿನ ಮೇಲೆ ಮಳೆಮುಚ್ಚಿಗೆಯೂ ಬೇಕು. ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಸೀಲಿನ ಕೋಣೆ ಈಗ ಎಲ್ಲಕ್ಕಿಂತ ಮೇಲಿದೆ, ಗಾಳಿ ಅಲ್ಲೇ ಸೇರಿ ಮೆಕ್ಯಾನಿಕಲ್ ಸೀಲ್ ಒಣಗಿ ಸುಡುತ್ತದೆ. ಆ ಕೋಣೆಯಿಂದ ಸಕ್ಷನ್ ಕಡೆಗೆ ಮರಳುವ ನಳಿಗೆ, ಸೀಲಿನ ಪೈಪು ಜೋಡಣೆಗಳ ಪಟ್ಟಿಯಲ್ಲಿ ಪ್ಲಾನ್ 13 ಎನಿಸಿದ್ದು, ವರ್ಟಿಕಲ್ ಪಂಪುಗಳಲ್ಲಿ ಇರುವುದು ಈ ಗಾಳಿ ಹೊರಹೋಗಲಿ ಎಂದೇ. ಮೋಟರ್ ಕೆಳಗೆ, ಪಂಪು ಮೇಲೆ ಇಟ್ಟರಂತೂ ಸೀಲಿನ ಮೊದಲ ಹನಿ ನೇರ ವೈಂಡಿಂಗಿನ ದಾರಿ ಹಿಡಿಯುತ್ತದೆ. ರಾಸಾಯನಿಕವನ್ನು ಅಳೆದು ಬಿಡುವ ಡೋಸಿಂಗ್ ಪಂಪನ್ನು ಓರೆ ಮಾಡುವವರಿಗೂ ಒಂದು ಮಾತು: ಅದರ ವಾಲ್ವಿನ ಗುಂಡು ತನ್ನ ಭಾರದಿಂದಲೇ ಕೂರುವಂಥದ್ದು, ಸಕ್ಷನ್ ಕೆಳಗೆ, ಡೆಲಿವರಿ ಮೇಲೆ, ಕಂಬದಂತೆ ನೆಟ್ಟಗಿರಬೇಕು.

ಉದ್ದ ಕಾಲಮ್ಮಿನ ಪಂಪು ಆರಿಸಿದ್ದರೆ ಮರಳನ್ನೂ ನೋಡಿಕೊಳ್ಳಿ. ಅದರ ರಬ್ಬರ್ ಬುಷ್‌ಗಳಿಗೆ ಪಂಪಿನ ನೀರೇ ಎಣ್ಣೆ. ಮರಳು ಬಂದರೆ ಬುಷ್ ಸವೆದು ಶಾಫ್ಟ್ ಬಡಿಯುತ್ತದೆ, ಅಂಥಲ್ಲಿ ಶಾಫ್ಟಿಗೆ ಹೊರಕವಚ ಕೊಟ್ಟು ಶುದ್ಧ ನೀರನ್ನು ಬೇರೆಯಾಗಿ ಹಾಯಿಸಬೇಕು. ಚಾಲೂ ಮಾಡುವಾಗ ನೀರಿನ ಮಟ್ಟಕ್ಕಿಂತ ಮೇಲಿರುವ ಬುಷ್‌ಗಳು ಒಣಗಿಯೇ ಇರುತ್ತವೆ. ಕಾಲಂ ಉದ್ದವಿದ್ದಷ್ಟೂ ನೀರು ಅಲ್ಲಿಗೆ ತಲುಪುವುದು ತಡ. ಸ್ವಿಚ್ ಒತ್ತುವ ಮುಂಚೆ ಮೇಲಿನಿಂದ ನೀರು ಬಿಟ್ಟು ಅವುಗಳನ್ನು ನೆನೆಸಲು ಒಂದು ಸಣ್ಣ ಲೈನ್ ಎಳೆದಿಡಿ.