ಮೆದುಳಿನ ಸ್ಕ್ಯಾನ್ ಮಾಡಿಸಿದರೆ ಎಡಿಎಚ್‌ಡಿ ಗೊತ್ತಾಗುತ್ತದೆಯೇ?

ಪ್ರಶ್ನೆ: ನಮ್ಮ ಮಗಗ ಎಂಟ ವರ್ಷ, ಮೂರನೇ ಇಯತ್ತೆ. ಎರಡ ನಿಮಿಷ ಒಂದ ಕಡೆ ಕುಂದ್ರಂಗಿಲ್ಲ, ಬರಿಯೂದು ಅರ್ಧಕ್ಕ ಬಿಟ್ಟು ಎದ್ದು ಹೋಗ್ತಾನ. ಸಾಲ್ಯಾಗ ಟೀಚರ್ ‘ಎಡಿಎಚ್‌ಡಿ ಇರಬಹುದು, ತೋರಸ್ರಿ’ ಅಂದಾರ. ನಮ್ಮ ಮೈದುನ ‘ಒಂದ್ ಎಂಆರ್‌ಐ ಮಾಡಿಸಿಬಿಡ್ರಿ ವೈನಿ, ಇದ್ದದ್ದು ಕಾಣ್ತದ’ ಅಂತಾನ. ಮಾಡಸೂಣೇನ್ರಿ?
– ಒಬ್ಬ ತಾಯಿ, ನವನಗರ, ಹುಬ್ಬಳ್ಳಿ

ಉತ್ತರ: ಬ್ಯಾಡ್ರಿ. ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಡಪಡಿಕೆಯ ತೊಂದರೆ) ಇದೆಯೋ ಇಲ್ಲವೋ ತಿಳಿಯುವುದಷ್ಟೇ ಉದ್ದೇಶವಾದರೆ ಎಂಆರ್‌ಐಗೆ ದುಡ್ಡು ಹಾಕಬೇಡಿ. ಒಂದು ಮಗುವಿನ ಮೆದುಳಿನ ಚಿತ್ರ ನೋಡಿ ‘ಇದು ಎಡಿಎಚ್‌ಡಿ’ ಎಂದು ಬರೆದುಕೊಡಲು ಯಾವ ರೇಡಿಯಾಲಜಿಸ್ಟರಿಗೂ ಆಗುವುದಿಲ್ಲ. ತೊಂದರೆ ಜೋರಾಗಿಯೇ ಇದ್ದರೂ ರಿಪೋರ್ಟು ಸಾಮಾನ್ಯವಾಗಿ ‘ನಾರ್ಮಲ್’ ಅಂತಲೇ ಬರುತ್ತದೆ. ಆಮೇಲೆ ಮನೆಯಲ್ಲಿ ‘ಮೆದುಳಿನ್ಯಾಗ ಏನೂ ಇಲ್ಲ, ಹುಡುಗ ಬೇಕಂತನ ಮಾಡ್ತಾನ’ ಎಂದು ಮಾತು ತಿರುಗುತ್ತದೆ. ಖರ್ಚಿಗಿಂತ ನನಗೆ ಅದರ ಚಿಂತೆಯೇ ಹೆಚ್ಚು.

ಹಾಗಂತ ನಿಮ್ಮ ಮೈದುನ ಹೇಳಿದ್ದು ಪೂರ್ತಿ ಗಾಳಿಮಾತೂ ಅಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೆದುಳಿನ ಹೊರಪದರದ ಅರ್ಧದಷ್ಟು ಭಾಗ ತನ್ನ ಪೂರ್ಣ ದಪ್ಪಕ್ಕೆ ಬರುವುದು ಬೇರೆ ಮಕ್ಕಳಲ್ಲಿ ಸುಮಾರು 7.5 ವರ್ಷಕ್ಕಾದರೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು 10.5ಕ್ಕೆ. ಬೆಳವಣಿಗೆಯ ಕ್ರಮ ಅದೇ, ತಡವಾಗುತ್ತದೆ ಅಷ್ಟೆ. 2017ರಲ್ಲಿ ಹಲವು ದೇಶಗಳ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟಿಗೆ ಹಾಕಿ ನೋಡಿದಾಗ, ಮೆದುಳಿನ ಒಳಗಿನ ಕೆಲವು ಭಾಗಗಳು ಎಡಿಎಚ್‌ಡಿ ಇರುವವರಲ್ಲಿ ತುಸು ಚಿಕ್ಕದಾಗಿದ್ದವು.

ಆದರೆ ಇವೆಲ್ಲ ಗುಂಪಿನ ಲೆಕ್ಕ. ಬ್ಯಾಡಗಿ ಮಾರುಕಟ್ಟೆಯಲ್ಲಿ ಎರಡು ಊರಿನ ಮೆಣಸಿನಕಾಯಿ ರಾಶಿ ಹಾಕಿ ತೂಗಿದರೆ, ಒಂದರ ಕಾಯಿ ಸರಾಸರಿಯಲ್ಲಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಉದ್ದ ಎಂದು ಹೇಳಬಹುದು. ಒಂದೇ ಕಾಯಿ ಕೈಗೆ ಕೊಟ್ಟು ‘ಇದು ಯಾವ ಊರಿಂದು ಹೇಳ್ರಿ’ ಎಂದರೆ ಎಂಥ ದಲಾಲರೂ ನಕ್ಕುಬಿಡುತ್ತಾರೆ. ಸ್ಕ್ಯಾನಿನ ಪಾಡೂ ಇದೇ.

ಇದನ್ನು ಪರೀಕ್ಷೆಗೂ ಒಡ್ಡಿ ನೋಡಿದ್ದಾರೆ. 2011ರಲ್ಲಿ ಎಡಿಎಚ್‌ಡಿ-200 ಎಂಬ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ನೂರಾರು ಮಕ್ಕಳ ಮತ್ತು ಹರೆಯದವರ ಮೆದುಳಿನ ಚಿತ್ರ ಕೊಟ್ಟು, ಯಾರಿಗೆ ಎಡಿಎಚ್‌ಡಿ ಇದೆ, ಯಾರಿಗಿಲ್ಲ ಎಂದು ಕಂಪ್ಯೂಟರಿನಿಂದ ಹೇಳಿಸಬೇಕು. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಮೆದುಳಿನ ಚಿತ್ರಗಳನ್ನು ಬದಿಗಿಟ್ಟು, ವಯಸ್ಸು, ಗಂಡೋ ಹೆಣ್ಣೋ, ಎಡಗೈಯೋ ಬಲಗೈಯೋ, ಐಕ್ಯೂ ಇಂಥವುಗಳಿಂದಲೇ ಸುಮಾರು ಶೇ. 62ರಷ್ಟು ಸರಿ ಹೇಳಿತು. ಚಿತ್ರ ನೋಡಿ ಹೇಳಿದ ತಂಡಗಳು ಅದನ್ನು ದಾಟಲಿಲ್ಲ! ಅದಾದ ಮೇಲೆ ತಂತ್ರ ಬಹಳ ಸುಧಾರಿಸಿದೆ, ಆದರೂ ಆಸ್ಪತ್ರೆಯಲ್ಲಿ ಒಂದು ಮಗುವಿನ ಮೇಲೆ ನೆಚ್ಚಿಕೊಳ್ಳುವ ಮಟ್ಟಕ್ಕೆ ಬಂದಿಲ್ಲ.

ಇನ್ನೊಂದು ಪೇಚೂ ಇದೆ. ಎಂಆರ್‌ಐ ಅಂದರೆ ಕಿರಿದಾದ ಕೊಳವೆಯೊಳಗೆ ತಲೆ ಅಲುಗಿಸದೆ ಅರ್ಧ ಗಂಟೆ ಮಲಗಬೇಕು. ಕಿವಿಗೆ ಹತ್ತಿ ಇಟ್ಟರೂ ಟಕಟಕ, ಗುರ್ ಎಂಬ ಸದ್ದು ನಿಲ್ಲುವುದಿಲ್ಲ. ಸುಮ್ಮನೆ ಕುಂದ್ರಲು ಬಾರದ ಹುಡುಗನಿಗೇ ಈ ಶಿಕ್ಷೆ! ಅಲುಗಿದರೆ ಚಿತ್ರ ಕಲಸಿಹೋಗುತ್ತದೆ, ಆ ಕಲಸಾಟವೇ ಕೆಲವೊಮ್ಮೆ ಮೆದುಳಿನ ವ್ಯತ್ಯಾಸದಂತೆ ಕಾಣುತ್ತದೆ. ಅಲುಗದಿರಲಿ ಎಂದು ಮಂಪರಿನ ಔಷಧ ಕೊಡಬೇಕಾದರೆ ಅದರದ್ದೇ ಅಪಾಯ ಬೇರೆ. ಸಿಟಿ ಮತ್ತು ಸ್ಪೆಕ್ಟ್ (ಮೆದುಳಿನ ರಕ್ತದ ಹರಿವು ತೋರಿಸುವ ಸ್ಕ್ಯಾನ್) ಇವುಗಳಲ್ಲಿ ವಿಕಿರಣವೂ ಸೇರುತ್ತದೆ. ಸ್ಪೆಕ್ಟ್‌ನ ಬಣ್ಣಬಣ್ಣದ ಮೆದುಳು ತೋರಿಸಿ ‘ಇದೇ ನೋಡಿ ರೋಗ’ ಎನ್ನುವ ಜಾಹೀರಾತಿಗೆ ಮರುಳಾಗಬೇಡಿ.

ಮಾತಿಗೆ ಮಾತು ಬಂತು, ಹೇಳಿಬಿಡುತ್ತೇನೆ. ಎಡಿಎಚ್‌ಡಿ ಔಷಧದ ಇತಿಹಾಸ ಶುರುವಾದದ್ದೇ ಮೆದುಳಿನ ಚಿತ್ರ ತೆಗೆಯುವ ಗದ್ದಲದಲ್ಲಿ. ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ಮಕ್ಕಳ ಬೆನ್ನುಹುರಿಯ ದ್ರವ ತೆಗೆದು, ಗಾಳಿ ತುಂಬಿ, ತಲೆಯ ಎಕ್ಸ್‌ರೇ ತೆಗೆಸುತ್ತಿದ್ದರು. ಆ ಕಾಲದ ಸ್ಕ್ಯಾನ್ ಅದು. ಮಕ್ಕಳಿಗೆ ತಲೆ ಸಿಡಿಯುತ್ತಿತ್ತು. ಅದಕ್ಕೆಂದು ಬೆಂಜೆಡ್ರಿನ್ ಎಂಬ ಉತ್ತೇಜಕ ಗುಳಿಗೆ ಕೊಟ್ಟರೆ ತಲೆನೋವು ಅಷ್ಟಕ್ಕಷ್ಟೇ, ಆದರೆ ಕೆಲವು ಮಕ್ಕಳು ತರಗತಿಯಲ್ಲಿ ಕೂತು ಲೆಕ್ಕ ಮಾಡತೊಡಗಿದರು. ಬ್ರಾಡ್ಲಿ ಇದನ್ನು ಪ್ರಕಟಿಸಿದ್ದು 1937ರಲ್ಲಿ. ಚಿತ್ರದಿಂದ ಏನೂ ಹೊಳೆಯಲಿಲ್ಲ, ಗುಳಿಗೆಯಿಂದ ಹೊಳೆಯಿತು.

ಹಾಗಾದರೆ ಮೆದುಳಿನ ಪರೀಕ್ಷೆ ಎಂದೂ ಬೇಡವೇ? ಬೇಕಾಗುತ್ತದೆ, ಅನುಮಾನ ಬೇರೆ ಇದ್ದಾಗ. ನಿಮ್ಮ ಹುಡುಗ ಮಾತಾಡುತ್ತಾ ಮಾತಾಡುತ್ತಾ ಹತ್ತು ಸೆಕೆಂಡು ಕಲ್ಲಿನಂತೆ ನಿಂತುಬಿಡುತ್ತಾನೆಯೇ, ಕರೆದರೂ ಮುಟ್ಟಿದರೂ ಎಚ್ಚರವಿಲ್ಲದೆ, ರೆಪ್ಪೆ ಪಟಪಟಿಸಿ, ಮತ್ತೆ ಏನೂ ಆಗಿಲ್ಲದಂತೆ ಮಾತು ಮುಂದುವರಿಸುತ್ತಾನೆಯೇ? ಅದು ಗಮನದ ಕೊರತೆಯಲ್ಲ, ಅಬ್ಸೆನ್ಸ್ ಎಂಬ ಬಗೆಯ ಮೂರ್ಛೆರೋಗ ಇರಬಹುದು. ದಿನಕ್ಕೆ ಹತ್ತಾರು ಸಲ ಬರಬಹುದು, ಶಾಲೆಯಲ್ಲಿ ‘ಹಗಲುಗನಸು ಕಾಣ್ತಾನ’ ಎಂಬ ಬೈಗುಳದಲ್ಲೇ ಮುಗಿದುಹೋಗುತ್ತದೆ. ಇಲ್ಲಿ ಇಇಜಿ (ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ನಿಜವಾಗಿ ಕೆಲಸಕ್ಕೆ ಬರುತ್ತದೆ: ಮಗುವಿಗೆ ಮೂರು ನಿಮಿಷ ಜೋರಾಗಿ ಉಸಿರಾಡಿಸಿದರೆ, ಸೆಕೆಂಡಿಗೆ ಮೂರರಂತೆ ಏಳುವ ಅಲೆ ಬಹಳ ಸಲ ಅಲ್ಲೇ ಕಾಣಿಸಿಕೊಳ್ಳುತ್ತದೆ. ಇನ್ನು ತಲೆಗೆ ಜೋರು ಪೆಟ್ಟು ಬಿದ್ದಿದ್ದರೆ, ಕಲಿತ ಮಾತು–ನಡಿಗೆ ಹಿಂದೆ ಸರಿದಿದ್ದರೆ, ಬೆಳಗಿನ ತಲೆನೋವು–ವಾಂತಿ ಇದ್ದರೆ ವೈದ್ಯರೇ ಎಂಆರ್‌ಐ ಬರೆದುಕೊಡುತ್ತಾರೆ.

ಎಡಿಎಚ್‌ಡಿ ಗೊತ್ತಾಗುವುದು ವಿಚಾರಣೆಯಿಂದ. ಗಮನಕ್ಕೆ ಸಂಬಂಧಿಸಿದ ಒಂಬತ್ತು, ಚಡಪಡಿಕೆಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳ ಪಟ್ಟಿ ಇದೆ: ಹೇಳಿದ ಕೆಲಸ ಅರ್ಧಕ್ಕೆ ಬಿಡುವುದು, ಪೆನ್ಸಿಲ್–ರಬ್ಬರ್ ಕಳೆಯುವುದು, ಪಾಳಿ ಬರುವತನಕ ಕಾಯಲಾರದ್ದು, ಹೀಗೆ. ಯಾವುದಾದರೂ ಒಂದು ಗುಂಪಿನಲ್ಲಿ ಆರಾದರೂ ಆರು ತಿಂಗಳಿಂದ ಇರಬೇಕು, 12 ವರ್ಷದೊಳಗೆ ಶುರುವಾಗಿರಬೇಕು, ಮನೆಯಲ್ಲೂ ಶಾಲೆಯಲ್ಲೂ ಎರಡೂ ಕಡೆ ಕಾಣಬೇಕು, ಓದಿಗೋ ಒಡನಾಟಕ್ಕೋ ತೊಡಕಾಗಿರಬೇಕು. ಟೀಚರು ತುಂಬಿಕೊಡುವ ಫಾರ್ಮ್ ಅದಕ್ಕೇ ಬೇಕು. ಕಣ್ಣು, ಕಿವಿ, ನಿದ್ದೆ (ಗೊರಕೆ ಹೊಡೆಯುತ್ತಾನೆಯೇ?), ರಕ್ತಹೀನತೆ, ಓದಿನದೇ ತೊಂದರೆ, ಇವನ್ನೂ ನೋಡುತ್ತಾರೆ.

ಹುಟ್ಟಿದ ತಿಂಗಳನ್ನೂ ಮರೆಯದೆ ಹೇಳಿ. ನಮ್ಮಲ್ಲಿ ದಾಖಲಾತಿಗೆ ಜೂನ್ 1ರ ಲೆಕ್ಕ; ಮೇ ತಿಂಗಳಲ್ಲಿ ಹುಟ್ಟಿದವನು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವನಾಗಿರಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಡಿಸೆಂಬರ್ ಕೊನೆ ಗಡಿ. ಅಲ್ಲಿ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರಿಗೆ ಜನವರಿಯವರಿಗಿಂತ ಶೇ. 30ರಷ್ಟು ಹೆಚ್ಚಾಗಿ ಎಡಿಎಚ್‌ಡಿ ಹಣೆಪಟ್ಟಿ ಬಿದ್ದಿತ್ತೆಂದು 2012ರ ಅಧ್ಯಯನ ಹೇಳಿತು.

ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವಾಗುತ್ತದೆ, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯ (ಈಗಿನ ಹೆಸರು ಕೆಎಂಸಿಆರ್‌ಐ) ಮನೋರೋಗ ವಿಭಾಗವೂ ಇದೆ. ಹೋಗುವಾಗ ಈ ವರ್ಷದ, ಹಿಂದಿನ ವರ್ಷದ ನೋಟ್‌ಬುಕ್ಕುಗಳನ್ನು ಒಯ್ಯಿರಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ಇಬ್ಬರ ಮಾತೂ ಬೇಕು. ಒಂದೇ ಭೇಟಿಗೆ ಮುಗಿಯದೆ ಇರಬಹುದು. ಹುಡುಗ ಅಲ್ಲಿ ಡಾಕ್ಟರ ಎದುರು ಗಪ್‌ಚಿಪ್ ಕುಂತನೆಂದು ಗಾಬರಿಯಾಗಬೇಡಿ. ಹೊಸ ಜಾಗದಲ್ಲಿ ಸ್ವಲ್ಪ ಹೊತ್ತು ತಣ್ಣಗಿರುವುದು ಈ ಮಕ್ಕಳಿಗೂ ಬರುತ್ತದೆ, ಅದು ಡಾಕ್ಟರಿಗೆ ಗೊತ್ತಿರುತ್ತದೆ.