ಪದ ಪರಿಚಯ: ಪ್ಯಾನೆಲ್, ಪ್ಯಾನೆಲಿಂಗ್

ಟೀವಿ ಹಿಂದಿನ ಗೋಡೆಗೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಪಟ್ಟಿ ಅಂಟಿಸಿದರೆ ಅದು 'ವುಡನ್ ಪ್ಯಾನೆಲಿಂಗ್'. ಪ್ಲೈವುಡ್ ಮೇಲೆ ಮರದ ಚಿತ್ರವಿರುವ ಲ್ಯಾಮಿನೇಟ್ ಒತ್ತಿದರೆ ಅದೂ 'ವುಡನ್ ಪ್ಯಾನೆಲಿಂಗ್'. ಬಣ್ಣ ಬಳಿದ ಗೋಡೆಯ ಮೇಲೆ ಎಂಡಿಎಫ್ (ಮರದ ನಾರಿಗೆ ಅಂಟು ಬೆರೆಸಿ ಒತ್ತಿದ ಹಲಗೆ) ಎಂಬುದರ ಸಪೂರ ಪಟ್ಟಿ, ಅಂದರೆ ಬೀಡಿಂಗ್‌ನಿಂದ ಚೌಕ ಕಟ್ಟಿದರೂ ಕೊಟೇಶನ್‌ನಲ್ಲಿ ಬರುವುದು ಇದೇ ಹೆಸರು. ಚದರಡಿಗೆ ಇಷ್ಟು ಎಂದು ದರ ಬರೆದಿರುತ್ತದೆ, ಯಾವುದರ ದರ ಎಂಬುದು ಮಾತ್ರ ತಿಳಿಯುವುದಿಲ್ಲ. ಈ ಮೂರರ ಬೆಲೆ ಬೇರೆ, ಬಾಳಿಕೆ ಬೇರೆ, ಮಳೆಗಾಲದಲ್ಲಿ ಕೆಡುವ ಬಗೆಯೂ ಬೇರೆ. ಆದ್ದರಿಂದ ಪದವನ್ನು ಬುಡದಿಂದಲೇ ನೋಡಬೇಕು.

ಬುಡದಲ್ಲಿರುವುದು ಮರವಲ್ಲ, ಬಟ್ಟೆ. ಲ್ಯಾಟಿನ್‌ನಲ್ಲಿ 'ಪನ್ನುಸ್' ಎಂದರೆ ಬಟ್ಟೆ. ಅದರ ಕಿರುರೂಪದಿಂದ ಹಳೆಯ ಫ್ರೆಂಚಿಗೆ 'ಪ್ಯಾನೆಲ್' ಬಂತು: ಬಟ್ಟೆಯ ತುಂಡು, ಕುದುರೆಯ ಜೀನಿನ ಕೆಳಗೆ ಹಾಸುವ ಮೆತ್ತೆ. ಅದು ಇಂಗ್ಲಿಷಿಗೆ ದಾಟಿದ ಮೇಲೆ ಎರಡು ಕವಲಾಯಿತು. ನ್ಯಾಯಾಲಯದ ಜ್ಯೂರಿಗಳ ಹೆಸರು ಬರೆದಿಡುವ ತೊಗಲಿನ ತುಂಡಿಗೂ ಪ್ಯಾನೆಲ್ ಎಂದರು. ಮುಂದೆ ಆ ಪಟ್ಟಿಯಲ್ಲಿದ್ದ ಜನರೇ ಪ್ಯಾನೆಲ್ ಆದರು. ಇವತ್ತಿನ ಟೀವಿ ಚರ್ಚೆಯ ಪ್ಯಾನೆಲ್ ಆ ಕವಲಿನದು. ಇನ್ನೊಂದು ಕವಲು ಬಡಗಿಯ ಕಡೆ ಹೋಯಿತು. ಅಲ್ಲಿ ಪ್ಯಾನೆಲ್ ಎಂದರೆ ನಾಲ್ಕೂ ಕಡೆ ಚೌಕಟ್ಟು ಇರುವ, ಆ ಚೌಕಟ್ಟಿನೊಳಗೆ ಕೂತ ತೆಳು ಹಲಗೆ. ಕಿಟಕಿಯ ಗಾಜಿನ ತುಂಡಿಗೆ ಹೇಳುವ 'ಪೇನ್' ಕೂಡ ಅದೇ ಬಟ್ಟೆಯ ಮಗ. ಎಲ್ಲದರಲ್ಲೂ ಉಳಿದುಬಂದ ಅರ್ಥ ಒಂದೇ: ಅಂಚು ಗೊತ್ತಿರುವ ಒಂದು ತುಂಡು.

15-16ನೇ ಶತಮಾನದ ಫ್ಲ್ಯಾಂಡರ್ಸ್ (ಈಗಿನ ಬೆಲ್ಜಿಯಂ ಕಡೆ) ಮತ್ತು ಇಂಗ್ಲೆಂಡಿನಲ್ಲಿ ಓಕ್ ಹಲಗೆಯ ಮೇಲೆ ಮಡಿಸಿಟ್ಟ ಬಟ್ಟೆಯ ನೆರಿಗೆಗಳನ್ನೇ ಕೆತ್ತುತ್ತಿದ್ದರು. ಇದಕ್ಕೆ 'ಲಿನನ್‌ಫೋಲ್ಡ್' ಎಂದು ಹೆಸರು. ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಈಗಲೂ ನೋಡಬಹುದು. ಬಟ್ಟೆಯಿಂದ ಹುಟ್ಟಿದ ಪದ, ಅದರ ಹೆಸರು ಹೊತ್ತ ಹಲಗೆ, ಆ ಹಲಗೆಯ ಮೇಲೆ ಮತ್ತೆ ಬಟ್ಟೆ. ಪದದ ಚರಿತ್ರೆ ಮರದಲ್ಲಿ ಇಷ್ಟು ಚೆನ್ನಾಗಿ ಕಾಣಸಿಗುವುದು ಅಪರೂಪ.

ಈಗ ಮುಖ್ಯ ಗೊಂದಲಕ್ಕೆ ಬರೋಣ. ಪ್ಯಾನೆಲ್ ಎಂದರೆ ಗೋಡೆಗೆ ಅಂಟಿಸುವ ವಸ್ತು ಎಂಬ ತಿಳಿವಳಿಕೆ ಹಬ್ಬಿದೆ. ಬಡಗಿಗೆಲಸದಲ್ಲಿ ಪ್ಯಾನೆಲ್ ಅನ್ನು ಯಾವುದಕ್ಕೂ ಅಂಟಿಸುವುದಿಲ್ಲ. ಅದು ಚೌಕಟ್ಟಿನಲ್ಲಿ ಕೊರೆದ ಕಾಲುವೆ, ಅಂದರೆ ಗ್ರೂವ್‌ನೊಳಗೆ ಸಡಿಲವಾಗಿ ಕೂತಿರುತ್ತದೆ. ಆ ಸಡಿಲವೇ ಅದರ ಗುಣ. ಹಳೇ ಮನೆಯ ತೇಗದ ಪ್ಯಾನೆಲ್ ಬಾಗಿಲು ತಲೆಮಾರು ಕಳೆದರೂ ಸೀಳದೆ ನಿಂತಿರುವುದು ಇದರಿಂದಲೇ.

ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ 40% ಇದ್ದಾಗ ಮರದೊಳಗಿನ ತೇವಾಂಶ ಸುಮಾರು 8%ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ 80% ಆದರೆ ಅದು 16%ರ ಹತ್ತಿರ. ಬೆಂಗಳೂರಿನ ಮಾರ್ಚ್ ತಿಂಗಳಿಗೂ ಮಂಗಳೂರಿನ ಜುಲೈಗೂ ಇರುವ ಅಂತರ ಇದಕ್ಕಿಂತ ಕಡಿಮೆಯದಲ್ಲ. ಉದ್ದಕ್ಕೆ ಮರ ಹಿಗ್ಗುವುದು ಲೆಕ್ಕಕ್ಕೆ ಸಿಗದಷ್ಟು, ಅಗಲಕ್ಕೆ ಮಾತ್ರ ಕಣ್ಣಿಗೆ ಕಾಣುವಷ್ಟು. 300 ಮಿ.ಮೀ. ಅಗಲದ ತೇಗದ ಹಲಗೆ ಒಳಗಿನ ತೇವಾಂಶ 4% ಏರಿದರೆ ಸುಮಾರು 2 ಮಿ.ಮೀ. ಅಗಲವಾಗುತ್ತದೆ. ತೇಗ ಕಡಿಮೆ ಅಲುಗುವ ಮರ, ಬೇರೆ ಎಷ್ಟೋ ಮರಗಳು ಇದಕ್ಕಿಂತ ಹೆಚ್ಚು. ಇಂಥ ಹಲಗೆಯ ಎರಡೂ ಅಂಚನ್ನು ಅಂಟು ಹಾಕಿ ಬಿಗಿದರೆ ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿನ ಜಾಯಿಂಟ್ ಬಿಡಿಸುತ್ತದೆ, ಬೇಸಿಗೆಯಲ್ಲಿ ಕುಗ್ಗಿ ನಡುವೆ ಸೀಳುತ್ತದೆ.

ಸರಿಯಾದ ಕಟ್ಟು ಹೀಗೆ: ಚೌಕಟ್ಟಿನ ಪಟ್ಟಿ 25 ಮಿ.ಮೀ. ದಪ್ಪ, 75ರಿಂದ 100 ಮಿ.ಮೀ. ಅಗಲ. ಅದರ ಒಳ ಅಂಚಿನಲ್ಲಿ 6 ಮಿ.ಮೀ. ಅಗಲ, 10-12 ಮಿ.ಮೀ. ಆಳದ ಗ್ರೂವ್. ಹಲಗೆ 12 ಮಿ.ಮೀ. ದಪ್ಪವಿದ್ದು, ಗ್ರೂವ್‌ನಲ್ಲಿ ಕೂರುವಂತೆ ಅಂಚನ್ನು ತೆಳುವಾಗಿ ಇಳಿಸಿರಬೇಕು. ಅಗಲದ ಎರಡೂ ಬದಿಯಲ್ಲಿ ಗ್ರೂವ್‌ನೊಳಗೆ 3 ಮಿ.ಮೀ. ಖಾಲಿ ಬಿಡಬೇಕು. ಬೇಸಿಗೆಯಲ್ಲಿ ಕೂಡಿಸುವುದಾದರೆ ಇನ್ನೂ ತುಸು ಹೆಚ್ಚು, ಮಳೆಗಾಲದಲ್ಲಿ ತುಸು ಕಡಿಮೆ. ಅಂಟು ಚೌಕಟ್ಟಿನ ಮೂಲೆಯ ಜಾಯಿಂಟ್‌ಗೆ ಮಾತ್ರ. ಮೇಲಿಂದ ಬೀಡಿಂಗ್ ಹೊಡೆಯುವುದಿದ್ದರೆ ಮೊಳೆ ಚೌಕಟ್ಟಿಗೆ ಹೋಗಬೇಕು, ಹಲಗೆಗೆ ತಾಗಬಾರದು. ಇದು ತಪ್ಪುವುದೇ ಹೆಚ್ಚು. ಪಾಲಿಶ್ ಅನ್ನು ಹಲಗೆ ಕೂರಿಸುವ ಮುಂಚೆಯೇ ಅಂಚಿನವರೆಗೆ ಮಾಡಿರಬೇಕು. ಕೂರಿಸಿದ ಮೇಲೆ ಮಾಡಿದರೆ ಹಲಗೆ ಕುಗ್ಗಿದಾಗ ಚೌಕಟ್ಟಿನ ಬದಿಯಲ್ಲಿ ಪಾಲಿಶ್ ಕಾಣದ ಬಿಳಿಗೆರೆ ಎದ್ದುಬರುತ್ತದೆ.

ಹಾಗಾದರೆ ಗೋಡೆಗೆ ಶೀಟ್ ಹೊದಿಸುವುದಕ್ಕೆ ಏನನ್ನಬೇಕು? ಕ್ಲ್ಯಾಡಿಂಗ್. ಕನ್ನಡದಲ್ಲಿ ಹೊದಿಕೆ. ಅದರಲ್ಲಿ ಕೀಳೇನೂ ಇಲ್ಲ. ಪ್ಲೈವುಡ್‌ನಲ್ಲಿ ಪದರಗಳ ನಾರು ಒಂದಕ್ಕೊಂದು ಅಡ್ಡಡ್ಡ ಕೂಡಿರುವುದರಿಂದ ಅದು ಹಲಗೆಯಂತೆ ಹಿಗ್ಗುವುದಿಲ್ಲ, ಅಂಟಿಸಿದರೂ ನಡೆಯುತ್ತದೆ. ಗಟ್ಟಿ ಹಲಗೆಗೆ ಹೊಂದದ ವಿಧಾನ ಪ್ಲೈಗೆ ಹೊಂದುತ್ತದೆ. ಎರಡನ್ನೂ ಒಂದೇ ಪದದಿಂದ ಕರೆದಾಗಲೇ ಪ್ಲೈಗೆ ಮಾಡುವ ಕೆಲಸವನ್ನು ತೇಗದ ಹಲಗೆಗೂ ಮಾಡಿ, ಆರು ತಿಂಗಳಲ್ಲಿ ಬಿರುಕು ಬಂತೆಂದು ಮರವನ್ನು ಬೈಯುವುದು.

'ಲೂವರ್' ಎಂಬ ಪದದ ಪಾಡು ಇನ್ನೂ ಕೆಟ್ಟದ್ದು. ಹಳೆಯ ಫ್ರೆಂಚಿನಲ್ಲಿ ಅದು ಹೊಗೆ ಹೋಗಲು ಮಾಡಿನಲ್ಲಿ ಬಿಟ್ಟ ಕಿಂಡಿ. ಆಮೇಲೆ ಗಾಳಿ ಆಡಲೆಂದು ಓರೆಯಾಗಿ ಜೋಡಿಸಿದ ಪಟ್ಟಿಗಳಿಗೆ ಆ ಹೆಸರು ನಿಂತಿತು. ಸಂದು ಇಲ್ಲದಿದ್ದರೆ ಲೂವರ್ ಇಲ್ಲ. ಈಗ ಅಂಗಡಿಯಲ್ಲಿ 'ಲೂವರ್ ಪ್ಯಾನೆಲ್' ಎಂದು ಕೊಡುವುದು ಉಬ್ಬುತಗ್ಗು ಮೂಡಿಸಿದ, ಒಂದು ಸೂಜಿಯೂ ತೂರದ ಪಟ್ಟಿ. ಅದನ್ನು ಎಸಿಗೆ ಹಿಂದಿರುಗುವ ಗಾಳಿಯ ದಾರಿಗೋ ಶೂ ರ‍್ಯಾಕಿನ ಬಾಗಿಲಿಗೋ ಲೂವರ್ ಎಂದು ನಂಬಿ ಹಾಕಿಸಿದರೆ ಗಾಳಿ ಆಡುವುದಿಲ್ಲ. ಒಳಕ್ಕೆ ಅರ್ಧವೃತ್ತವಾಗಿ ಕೊರೆದ ಸಾಲಿದ್ದರೆ ಫ್ಲೂಟೆಡ್, ಜೊಂಡಿನ ಕಡ್ಡಿ ಜೋಡಿಸಿಟ್ಟಂತೆ ಹೊರಕ್ಕೆ ಉಬ್ಬಿದ್ದರೆ ರೀಡೆಡ್. ಹೆಸರು ಬೇಕೆಂದರೆ ಸರಿಯಾದ ಹೆಸರುಗಳೇ ಇವೆ.

ವೆನೀರ್ ಮತ್ತು ಲ್ಯಾಮಿನೇಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವೆನೀರ್ ನಿಜವಾದ ಮರದ ಸೀಳು, ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸು, ತೆಳು ಪ್ಲೈ ಮೇಲೆ ಅಂಟಿಸಿ 4 ಮಿ.ಮೀ. ಶೀಟಾಗಿ ಬರುತ್ತದೆ. 'ಬರೀ ವೆನೀರು' ಎಂದು ಮೂಗು ಮುರಿಯುವುದು ತಪ್ಪು. ಲ್ಯಾಮಿನೇಟ್ ಕಾಗದ: ರಾಳದಲ್ಲಿ ಅದ್ದಿದ ಕ್ರಾಫ್ಟ್ ಕಾಗದದ ಪದರಗಳು, ಮೇಲೆ ಮರದ ಚಿತ್ರ ಅಚ್ಚಾದ ಒಂದು ಹಾಳೆ, ಬಿಸಿಯಲ್ಲಿ ಒತ್ತಿ ಸುಮಾರು 1 ಮಿ.ಮೀ. ದಪ್ಪಕ್ಕೆ ತಂದದ್ದು. ನಮ್ಮಲ್ಲಿ ಇದಕ್ಕೆ 'ಸನ್‌ಮೈಕಾ', ಬರೀ 'ಮೈಕಾ' ಎನ್ನುವವರೂ ಇದ್ದಾರೆ. ಸನ್‌ಮೈಕಾ ಒಂದು ಬ್ರ್ಯಾಂಡ್ ಹೆಸರು, ಅದರಲ್ಲಿ ಮೈಕಾ ಅಂದರೆ ಅಭ್ರಕ ಇಲ್ಲ. 1912ರಲ್ಲಿ ಅಮೆರಿಕದಲ್ಲಿ ಹರ್ಬರ್ಟ್ ಫೇಬರ್ ಮತ್ತು ಡೇನಿಯಲ್ ಓಕಾನರ್ ವಿದ್ಯುತ್ ಉಪಕರಣಗಳಲ್ಲಿ ಅಭ್ರಕದ ಬದಲಿಗೆ ಬಳಸಲೆಂದು ಇಂಥ ಶೀಟ್ ಮಾಡಿದರು. ಅಭ್ರಕಕ್ಕೆ ಬದಲಿ ಎಂಬ ಅರ್ಥದಲ್ಲೇ 'ಫಾರ್ಮೈಕಾ' ಎಂದು ಹೆಸರಿಟ್ಟರು. ಮೈಕಾ ಇಲ್ಲ ಎಂದು ಹೇಳಲು ಇಟ್ಟ ಹೆಸರಿನ ಬಾಲ ಹಿಡಿದು ನಾವು ಮೈಕಾ ಎನ್ನುತ್ತಿದ್ದೇವೆ.

ಹೊದಿಕೆಯ ಕೆಲಸದಲ್ಲಿ ಪದಕ್ಕಿಂತ ಮೊದಲು ನೋಡಬೇಕಾದ್ದು ಗೋಡೆ. ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ 24 ಗಂಟೆ ಬಿಡಿ. ಗೋಡೆಯ ಕಡೆಗೆ ಹನಿ ಕಟ್ಟಿದರೆ ಕೆಲಸ ನಿಲ್ಲಿಸಿ, ತೇವದ ಮೂಲ ಸರಿಮಾಡಿ. ಬಚ್ಚಲಿನ ಪಕ್ಕದ ಗೋಡೆ, ಮಳೆ ಹೊಡೆಯುವ ಪಶ್ಚಿಮದ ಹೊರಗೋಡೆ ಇವುಗಳಲ್ಲಿ ಈ ಪರೀಕ್ಷೆ ಬಿಡಲೇಬಾರದು. ಶೀಟನ್ನು ನೇರ ಗೋಡೆಗೆ ಒತ್ತದೆ 50×25 ಮಿ.ಮೀ. ರೀಪುಗಳನ್ನು 400-450 ಮಿ.ಮೀ. ಅಂತರದಲ್ಲಿ ಗೆದ್ದಲಿನ ಔಷಧಿ ಬಳಿದು ಸ್ಕ್ರೂ ಮಾಡಿ, ಅದರ ಮೇಲೆ 12 ಮಿ.ಮೀ. ಪ್ಲೈ ಕೂರಿಸಬೇಕು. ತೇವದ ಭಯವಿರುವಲ್ಲಿ ನೀರು ತಡೆಯುವ ಪ್ಲೈಗಿರುವ ಭಾರತೀಯ ಮಾನದಂಡ ಐಎಸ್ 710ರ ಗುರುತಿನ ಪ್ಲೈ. ಒಣ ಕೋಣೆಗೆ ಸಾಮಾನ್ಯ ಬಳಕೆಯ ಐಎಸ್ 303 ಸಾಕು. ನೆಲದಿಂದ 10 ಮಿ.ಮೀ. ಎತ್ತರಿಸಿ, ಆ ಸಂದನ್ನು ಗೋಡೆಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್‌ನಿಂದ ಮುಚ್ಚಬೇಕು. ಇಲ್ಲದಿದ್ದರೆ ನೆಲ ಒರೆಸುವ ನೀರು ಪ್ಲೈ ಅಂಚಿನಿಂದಲೇ ಏರುತ್ತದೆ. ಎಂಡಿಎಫ್ ಆದರೆ ಅಂಚು ಊದಿಕೊಂಡು ಮತ್ತೆ ಇಳಿಯುವುದೇ ಇಲ್ಲ. ಸ್ವಿಚ್ ಪೆಟ್ಟಿಗೆಗಳನ್ನು ಹೊದಿಕೆಯ ಮುಖಕ್ಕೆ ತರಿಸಿ, ವೈರಿನ ಜಾಯಿಂಟ್ ಮರದ ಹಿಂದೆ ಉಳಿಯಕೂಡದು.

ಒಂದೇ ಮುಖಕ್ಕೆ ವೆನೀರ್ ಅಥವಾ ಲ್ಯಾಮಿನೇಟ್ ಹಾಕಿದ ಪ್ಲೈ ಬಾಗುತ್ತದೆ. ಹಿಂದಿನ ಮುಖಕ್ಕೂ ತೆಳು ಬ್ಯಾಲೆನ್ಸಿಂಗ್ ಶೀಟ್ ಹಾಕಿದರೆ ಎಳೆತ ಸಮವಾಗುತ್ತದೆ. ಗೋಡೆಗೆ ಹೋಗುವ ಮುಖ ಯಾರಿಗೂ ಕಾಣದೆಂದು ಇದನ್ನು ಬಿಡುವುದುಂಟು.

ಲೆಕ್ಕದಲ್ಲೂ ಒಂದು ಎಡವಟ್ಟಿದೆ. 10 ಅಡಿ ಅಗಲ, 9 ಅಡಿ ಎತ್ತರದ ಗೋಡೆ 90 ಚದರಡಿ. 8×4 ಅಡಿಯ ಶೀಟ್ 32 ಚದರಡಿ. ಮೂರು ಶೀಟ್ ಸಾಕು ಎನ್ನುತ್ತಾರೆ. ಶೀಟ್ ನಿಲ್ಲಿಸಿ ಹಾಕಿದರೆ 8 ಅಡಿ ಎತ್ತರದವರೆಗೆ ಎರಡೂವರೆ ಶೀಟ್ ಹೋಗಿ, ಮೇಲಿನ ಒಂದು ಅಡಿಗೆ ಉಳಿಯುವುದು ಎರಡಡಿ ಅಗಲದ ಚೂರು. ಅದನ್ನು ಐದು ತುಂಡು ಮಾಡಿ ಜೋಡಿಸಿದರೆ ಅಳತೆ ಸರಿಹೋಗುತ್ತದೆ, ವೆನೀರ್‌ನ ಗೆರೆ ಕೂಡುವುದಿಲ್ಲ. ಬಾಗಿಲಿನ ಲಿಂಟಲ್ ಮಟ್ಟಕ್ಕೆ, 7 ಅಡಿಗೆ ಹೊದಿಕೆ ನಿಲ್ಲಿಸಿ ಮೇಲಿನದನ್ನು ಬಣ್ಣಕ್ಕೆ ಬಿಡುವುದು ಚೆಂದ.

ಕೊಟೇಶನ್‌ನಲ್ಲಿ 'ವುಡನ್ ಪ್ಯಾನೆಲಿಂಗ್' ಎಂಬ ಸಾಲು ಕಂಡರೆ ಅದರ ಬದಲಿಗೆ ಮೂರು ಸಂಗತಿ ಬರೆಸಿಕೊಳ್ಳಿ: ಒಳಗಿನ ಶೀಟ್ ಯಾವುದು ಮತ್ತು ಎಷ್ಟು ಮಿ.ಮೀ., ಮೇಲ್ಮುಖ ಯಾವುದು, ಗೋಡೆಗೆ ಹಿಡಿಸುವುದು ಹೇಗೆ. ಜತೆಗೆ ಅಂಗೈ ಅಗಲದ ಒಂದು ಕತ್ತರಿಸಿದ ಚೂರು ಕೇಳಿ ಅಂಚು ನೋಡಿ. ಮುಖದ ಗೆರೆ ಅಂಚಿನಲ್ಲೂ ಮುಂದುವರಿದರೆ ಗಟ್ಟಿ ಮರ. ಪದರಗಳ ಮೇಲೆ ಮರದ್ದೇ ತೆಳು ಪೊರೆ ಇದ್ದರೆ ವೆನೀರ್. ಮೇಲಂಚಿನಲ್ಲಿ ಕಂದು ಕಾಗದದ ಗೆರೆ ಓಡಿದ್ದರೆ ಲ್ಯಾಮಿನೇಟ್. ಪದರವೂ ನಾರೂ ಕಾಣದೆ ಒಂದೇ ಹಿಟ್ಟಿನಂತಿದ್ದರೆ ಎಂಡಿಎಫ್, ಅದೇ ಪ್ಲಾಸ್ಟಿಕ್ಕಿನ ಹೊಳಪಿನದ್ದಾದರೆ ಡಬ್ಲ್ಯುಪಿಸಿ (ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್) ಅಥವಾ ಪಿವಿಸಿ.