ಅಂಗಾತ ಬಿದ್ದ ಟ್ಯಾರಂಟುಲಾ ಸತ್ತಿಲ್ಲ

ಮೆಕ್ಸಿಕೋದ ಪೆಸಿಫಿಕ್ ಕರಾವಳಿಯ ಒಣ ಕಾಡುಗಳ ಮೂಲದ, ಮೊಣಕಾಲುಗಳಲ್ಲಿ ಕಿತ್ತಳೆಗೆಂಪು ಪಟ್ಟಿಯಿರುವ ರೆಡ್ ನೀ ಟ್ಯಾರಂಟುಲಾ ಎಂಬ ದೊಡ್ಡ ಜೇಡವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದವರಿಗೆ, ಒಂದಲ್ಲ ಒಂದು ದಿನ ಅದು ಎಂಟೂ ಕಾಲು ಚಾಚಿ ಅಂಗಾತ ಬಿದ್ದಿರುವುದು ಕಾಣುತ್ತದೆ. ಸತ್ತಿತೆಂದು ಎತ್ತಿ ಎಸೆಯುವವರಿದ್ದಾರೆ, ಪಾಪವೆಂದು ಬೋರಲು ಹಾಕುವವರೂ ಇದ್ದಾರೆ. ಎರಡೂ ಅದರ ಜೀವಕ್ಕೆ ಕುತ್ತು ತರಬಲ್ಲವು, ಏಕೆಂದರೆ ಜೇಡ ಆಗ ಪೊರೆ ಬಿಡುತ್ತಿರುತ್ತದೆ.

ಸತ್ತ ಜೇಡವನ್ನು ಗುರುತಿಸಲು ಕಾಲುಗಳನ್ನು ನೋಡಬೇಕು. ಜೇಡದ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯುಗಳಿವೆಯೇ ಹೊರತು ಚಾಚುವ ಸ್ನಾಯುಗಳಿಲ್ಲ. ಜೆಸಿಬಿಯ ತೋಳು ಎಣ್ಣೆಯ ಒತ್ತಡದಿಂದ ಚಾಚಿಕೊಳ್ಳುವಂತೆ, ಮೈಯೊಳಗಿನ ರಕ್ತದ್ರವದ ಒತ್ತಡದಿಂದ ಅವು ನೆಟ್ಟಗಾಗುತ್ತವೆ. ಪ್ರಾಣ ಹೋದೊಡನೆ ಒತ್ತಡ ಇಳಿದು ಕಾಲುಗಳೆಲ್ಲ ಮೈಯಡಿಗೆ ಮುದುಡುತ್ತವೆ. ಪೊರೆ ಕಳಚುವುದೂ ಇದೇ ಒತ್ತಡದ ಕೆಲಸ: ಹೊಟ್ಟೆಯ ಭಾಗದಲ್ಲಿದ್ದ ದ್ರವ ಮುಂಭಾಗಕ್ಕೆ ನುಗ್ಗಿ, ತಲೆ-ಎದೆಯ ಮೇಲಿನ ಗಟ್ಟಿ ಚಿಪ್ಪು ಅಂಚಿನಲ್ಲಿ ಬಿರಿದು ಮುಚ್ಚಳದಂತೆ ಎದ್ದುಕೊಳ್ಳುತ್ತದೆ. ಅನಂತರ ಜೇಡ ಕಾಲುಗಳನ್ನು ಹಳೆಯ ಚರ್ಮದಿಂದ ಎಳೆದುಕೊಳ್ಳುತ್ತದೆ. ಕೋರೆಹಲ್ಲುಗಳ ಹೊದಿಕೆ, ಹೀರುವ ಜಠರದ ಒಳಪದರ ಕೂಡ ಕಳಚಿ ಬರುತ್ತವೆ. ಹಿಂದೆ ಕಾಲೊಂದು ಮುರಿದು ಹೋಗಿದ್ದರೆ, ಆ ಜಾಗದಲ್ಲಿ ಸಣ್ಣದೊಂದು ಹೊಸ ಕಾಲು ಕಾಣಿಸಿಕೊಳ್ಳುವುದೂ ಆಗಲೇ.

ದಕ್ಷಿಣ ಇಟಲಿಯಲ್ಲಿ, ಜೇಡ ಕಚ್ಚಿದವರು ಕುಣಿದು ಕುಣಿದೇ ವಿಷ ಇಳಿಸಿಕೊಳ್ಳಬೇಕೆಂಬ ನಂಬಿಕೆ ಶತಮಾನಗಳ ಕಾಲ ಬೇರೂರಿತ್ತು. ಅಂಥ ಭಯ ಕಳೆದ ಮೇಲೆ ಈಗ ಅದಕ್ಕೆ ತದ್ವಿರುದ್ಧವಾದ ಮೂಢನಂಬಿಕೆ ಹುಟ್ಟಿಕೊಂಡಿರುವುದು ಕಳವಳದ ಸಂಗತಿ. ಊಟ ಬಿಟ್ಟರೆ ಮುನಿಸು, ಅಂಗೈ ಮೇಲೆ ಸುಮ್ಮನೆ ಕುಳಿತರೆ ಪ್ರೀತಿ ಎಂದು ಸಾಕುವವರು ಅರ್ಥ ಹಚ್ಚುತ್ತಾರೆ. ಪೊರೆ ಬಿಡುವ ಮುನ್ನ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿರುವುದು ಅದರ ಸಹಜ ಕ್ರಮ. ಕಣ್ಣು ತೀರಾ ಮಂದವಾಗಿರುವ, ನೆಲದ ಕಂಪನ ಮತ್ತು ಗಾಳಿಯ ಅಲುಗಾಟವನ್ನು ರೋಮಗಳಿಂದ ಅರಿಯುವ ಈ ಜೀವಿಗೆ ನಮ್ಮ ಅಂಗೈ ಬೆಚ್ಚಗಿನದೊಂದು ನೆಲವಷ್ಟೆ. ಅಲ್ಲಿಂದ ಜಾರಿ ಬಿದ್ದರೆ ತೆಳುಚರ್ಮದ ಹೊಟ್ಟೆ ಒಡೆದು, ಕಾಲು ಚಾಚಲು ಬೇಕಾದ ಆ ದ್ರವವೇ ಸೋರಿಹೋಗಬಹುದು.

ಪೊರೆ ಬಿಡುವಾಗ ಪೆಟ್ಟಿಗೆಯಲ್ಲಿ ಜೀವಂತ ಮಿಡತೆಯನ್ನು ಬಿಡಲೇಬಾರದು. ಮೈ ಮೆತ್ತಗಿರುವ ಜೇಡವನ್ನು ಅದೇ ಕಚ್ಚಿ ತಿನ್ನಬಹುದು. ನೀರಿನ ಬಟ್ಟಲು ಮಾತ್ರ ತುಂಬಿರಲಿ. ಹೊಸ ಕೋರೆಹಲ್ಲು ಮೊದಲು ಬೆಳ್ಳಗಿದ್ದು, ಕೆಂಪಾಗಿ, ಕೊನೆಗೆ ಕಪ್ಪಾಗುತ್ತದೆ. ಕಪ್ಪಾಗಿ ಗಟ್ಟಿಯಾದ ಮೇಲೆಯೇ ಮತ್ತೆ ಆಹಾರ ಹಾಕಬೇಕು.